ಮುಡಿ ಅಕ್ಕಿಯೂ ಸಭೆಯ ಚರಿತ್ರೆಯೇ

ಮಾನ್ಯ ಸಭಾಪಾಲಕರೇ, ಸಭಾ ಹಿರಿಯರೇ, ಸ್ತ್ರೀಯರ ಕೂಟದ ತಾಯಂದಿರೇ, ಬಾಗಿಲ ಹತ್ತಿರದ ಬೆಂಚುಗಳನ್ನೇ ಹುಡುಕಿಕೊಂಡು ಕೂತಿರುವ ಯುವಜನರೇ,

ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಸುವಾರ್ತೆ ಸಾರಲು ಬಂದ ಬಾಸೆಲ್ ಮಿಶನ್‌ನವರ ಕಥೆಯನ್ನು ಮಂಗಳೂರಿನ ಈ ಬಲ್ಮಠದ ಗುಡ್ಡದ ಮೇಲೆ ನಿಂತು ನಿಮಗೇ ಹೇಳುವುದೆಂದರೆ ಸಂಡೆ ಸ್ಕೂಲಿನ ಮೊದಲ ಪಾಠವನ್ನು ಮತ್ತೊಮ್ಮೆ ಒಪ್ಪಿಸಿದ ಹಾಗೆ. 1834ರ ಅಕ್ಟೋಬರ್‌ನಲ್ಲಿ ಹೆಬಿಕ್, ಲೇನರ್, ಗ್ರೈನರ್ ಕಲ್ಲಿಕೋಟೆಯಲ್ಲಿ ಇಳಿದು ಅದೇ ತಿಂಗಳ ಕೊನೆಗೆ ಮಂಗಳೂರು ಸೇರಿದರು. 1836ರಲ್ಲಿ ಮೋಗ್ಲಿಂಗ್ ಬಂದರು. 1840ರಲ್ಲಿ ಕಲೆಕ್ಟರ್ ಬ್ಲೇರ್ ಬಲ್ಮಠದ ಜಾಗ ಕೊಟ್ಟರು. ಕಲ್ಲಚ್ಚಿನ ಮುದ್ರಣ, 1843ರ ‘ಮಂಗಳೂರ ಸಮಾಚಾರ’, 1862ರಲ್ಲಿ ನಮ್ಮ ಶಾಂತಿ ದೇವಾಲಯ, 1894ರಲ್ಲಿ ಕಿಟೆಲರ ನಿಘಂಟು. ಪ್ರತಿ ವರ್ಧಂತಿಯಲ್ಲೂ ಕೇಳಿದ್ದೀರಿ. ನಮ್ಮ ಮಕ್ಕಳು ಕ್ವಿಜ್‌ನಲ್ಲಿ ಬಹುಮಾನ ತಂದಿರುವುದೂ ಇದರಲ್ಲೇ.

ಈ ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಊರು ಮನೆ ಬಿಟ್ಟು ಬಂದು, ಇಲ್ಲಿಯ ಜ್ವರಕ್ಕೆ ಸಿಕ್ಕಿ, ಮಕ್ಕಳನ್ನು ಇಲ್ಲಿಯೇ ಮಣ್ಣು ಮಾಡಿದವರ ಹೆಸರುಗಳನ್ನು ಗೌರವದಿಂದಲೇ ಹೇಳಬೇಕು. ಆದರೆ ಈ ಪಟ್ಟಿಯಲ್ಲಿ ಪೀಠದ ಮೇಲೆ ನಿಂತವರಿದ್ದಾರೆ, ಎದುರು ಚಾಪೆಯ ಮೇಲೆ ಕೂತವರು ಯಾರೂ ಇಲ್ಲ. ಕೇಳುವವರೇ ಇಲ್ಲದೆ ಬೋಧಕ ಸಭೆಯಾಗುತ್ತಾನೆಯೇ? ಇವತ್ತು ನನಗೆ ಹೇಳಬೇಕಾದದ್ದು ಇದೊಂದೇ. ಈ ಸಭೆಯನ್ನು, ಅಂದರೆ ನಮ್ಮ ಈ ಕ್ರೈಸ್ತ ಸಮುದಾಯವನ್ನು, ಕಟ್ಟಿದವರಲ್ಲಿ ಹೆಚ್ಚಿನವರ ಹೆಸರು ನಮ್ಮ ಗೋಡೆಯ ಫಲಕದಲ್ಲಿಲ್ಲ.

ಆನಂದರಾವ್ ಕೌಂಡಿನ್ಯರ ಹೆಸರು ಉಳಿದಿದೆ, ಉಳಿಯಬೇಕಾದದ್ದೇ. ಸಾರಸ್ವತ ಬ್ರಾಹ್ಮಣರ ಮನೆಯ ಹುಡುಗ, 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಅಲ್ಲಾಡಿತು. ಮುಂದೆ ಮೋಗ್ಲಿಂಗ್‌ರ ಜೊತೆ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಬೋಧಕರಾಗಿ ತಿರುಗಿ ಬಂದರು. ಕೊಡಗಿನ ಆನಂದಪುರ ಇಂದಿಗೂ ಅವರ ಹೆಸರು ಹೊತ್ತಿದೆ. ಆದರೆ ಅವರ ಹಿಂದೆ ಮುಂದೆ ಬಂದ ನೂರಾರು ಜನ? ಬಹುಪಾಲು ಬಿಲ್ಲವರು. ತಾಳೆ ಮರ, ತೆಂಗಿನ ಮರ ಹತ್ತಿ ಕಳ್ಳು ಇಳಿಸುತ್ತಿದ್ದ ಮನೆಗಳವರು. ಅವರಿಗಾಗಿ ಯಾವ ಊರೂ ಅಲ್ಲಾಡಲಿಲ್ಲ. ಅಲ್ಲಾಡಿದ್ದು ಅವರ ಅಡುಗೆಮನೆ ಮಾತ್ರ.

ಸ್ವಲ್ಪ ಯೋಚಿಸಿ. ಕ್ರೈಸ್ತನಾದವನು ಮೂರ್ತೆ, ಅಂದರೆ ಕಳ್ಳು ಇಳಿಸುವ ಕೆಲಸ, ಮಾಡಕೂಡದು, ಕಳ್ಳು ಮಾರಕೂಡದು. ಇದು ಮಿಶನ್‌ನ ಕಟ್ಟುನಿಟ್ಟು. ಅಲ್ಲಿಗೆ ಕಸುಬು ಹೋಯಿತು. ಅವರದು ಅಳಿಯಸಂತಾನ. ಆಸ್ತಿ ಇರುವುದು ತಾಯಿಯ ಮನೆತನದಲ್ಲಿ, ಯಜಮಾನಿಕೆ ಸೋದರಮಾವನದು. ಮತ ಬದಲಿಸಿದವನ ಹಕ್ಕು ಹೋಗಬಾರದೆಂದು 1850ರಲ್ಲಿ ಕಾಯಿದೆ ಬಂತು, ನಿಜ. ಕಾಯಿದೆ ಹಿಡಿದುಕೊಂಡು ಮಾವನ ಅಂಗಳಕ್ಕೆ ಹೋಗಿ ನಿಲ್ಲುವ ಎದೆ ಎಷ್ಟು ಜನರಿಗಿತ್ತು? ಹೆಣ್ಣುಮಕ್ಕಳ ಕಷ್ಟ ಇನ್ನೂ ದೊಡ್ಡದು. ಕುಟುಂಬ ಬೆಳೆಯುವುದೇ ತನ್ನಿಂದ ಎಂಬ ಸ್ಥಾನವಿದ್ದ ಹೆಂಗಸು, ಸಭೆಗೆ ಬಂದ ದಿನದಿಂದ ಗಂಡನ ಹೆಸರಿನ ಹಿಂದೆ ನಿಂತಳು. ಅವಳು ಬಿಟ್ಟುಬಂದದ್ದನ್ನು ನಾವು ಯಾವತ್ತಾದರೂ ಲೆಕ್ಕ ಹಾಕಿದ್ದೇವೆಯೇ?

ನಮ್ಮ ಮನೆಯಲ್ಲಿ ಹೇಳುತ್ತಿದ್ದ ಒಂದು ಕಥೆಯಿದೆ. ನಮ್ಮ ಮುತ್ತಜ್ಜ ದೀಕ್ಷಾಸ್ನಾನ ತೆಗೆದುಕೊಂಡ ಸುದ್ದಿ ತಲುಪಿದ ದಿನ ಅವನ ಸೋದರಮಾವ ಅಂಗಳಕ್ಕೆ ನೀರು ಚೆಲ್ಲಿಸಿ, ‘ಇನ್ನು ಈ ತಡಮೆ ದಾಟಿದರೆ ಕಾಲು ಮುರಿಯುತ್ತೇನೆ’ ಎಂದನಂತೆ. ಎಲ್ಲರೆದುರಿಗೆ, ಗಟ್ಟಿ ಗಂಟಲಲ್ಲಿ. ಮುತ್ತಜ್ಜ ಹೊರಟುಬಂದ. ಮೂರ್ತೆಯ ಕತ್ತಿಯನ್ನು ಮಾತ್ರ ತಂದು ಅಟ್ಟದಲ್ಲಿ ಸಿಕ್ಕಿಸಿಟ್ಟ. ಅದಕ್ಕೆ ಕೆಲಸವಿಲ್ಲ, ಬಿಸಾಡಲು ಮನಸ್ಸಿಲ್ಲ. ಮಳೆಗಾಲ ಬಂತು. ಆಟಿ ತಿಂಗಳು ಅಂದರೆ ಈಗ ನಮಗೆ ತಿಮರೆ ಚಟ್ನಿ, ಪತ್ರೊಡೆ, ಸಭಾಂಗಣದಲ್ಲಿ ಊಟದ ಕಾರ್ಯಕ್ರಮ. (ಪತ್ರೊಡೆಗೆ ನಾನೇ ಮೊದಲು ಸಾಲಿನಲ್ಲಿ ನಿಲ್ಲುವವನು, ನಮ್ಮ ತಾಯಂದಿರು ಬಲ್ಲರು.) ಆಗ ಆಟಿ ಅಂದರೆ ಹಸಿವು. ಗದ್ದೆಯಲ್ಲಿ ಕೂಲಿ ಇಲ್ಲ, ಕಡಲಿಗೆ ದೋಣಿ ಇಳಿಯುವುದಿಲ್ಲ. ಮನೆಯಲ್ಲಿ ಗಂಜಿಗೂ ತತ್ವಾರ. ಒಂದು ರಾತ್ರಿ ಹಿಂಬಾಗಿಲು ಬಡಿದ ಸದ್ದು. ತೆಗೆದು ನೋಡಿದರೆ ಮಾವನ ಮನೆಯ ಆಳು, ತಲೆಯ ಮೇಲೆ ಮಳೆಗೆ ಹೊದೆಯುವ ಗೊರಬೆ, ಗೊರಬೆಯ ಅಡಿಯಲ್ಲಿ ಒಂದು ಮುಡಿ ಅಕ್ಕಿ. ಬೈಹುಲ್ಲಿನ ಹಗ್ಗ ಬಿಗಿದ ಮುಡಿಯ ಹೊರಮೈಯಷ್ಟೇ ಒದ್ದೆ, ಒಳಗಿನ ಒಂದು ಕಾಳೂ ನೆನೆದಿರಲಿಲ್ಲವಂತೆ. ‘ಯಾರು ಕೊಟ್ಟದ್ದೆಂದು ಕೇಳಬಾರದಂತೆ’ ಎಂದಷ್ಟೇ ಹೇಳಿ ಹೋದ. ಮರುವರ್ಷದ ಆಟಿಯಲ್ಲೂ ಬಂತು. ಆ ಮಾವ ಸಾಯುವ ತನಕ ನಮ್ಮವರ ಜೊತೆ ಮಾತಾಡಲಿಲ್ಲ. ಅಕ್ಕಿ ಮಾತ್ರ ತಪ್ಪಲಿಲ್ಲ.

ಅವನು ಸಭೆಗೆ ಸೇರಿದವನಲ್ಲ. ಆದರೂ ಅವನ ಅಕ್ಕಿ ಉಂಡ ಮಕ್ಕಳೇ ಮುಂದೆ ಸಭಾ ಹಿರಿಯರಾದರು. ನಮ್ಮ ಚರಿತ್ರೆಯಲ್ಲಿ ಅವನಿಗೆ ಜಾಗ ಇದೆಯೋ ಇಲ್ಲವೋ? ಇದೆ ಎಂದು ನಾನು ಹೇಳುತ್ತೇನೆ. ಈ ಊರಿನಲ್ಲಿ ಮತ ಬೇರೆಯಾದರೂ ನಂಟು ಕಡಿಯಲಿಲ್ಲ. ಇಂಥ ದಿನಗಳಲ್ಲಿ ಇದನ್ನು ಜೋರಾಗಿಯೇ ಹೇಳಬೇಕು.

ಕಸುಬು ಕಳೆದುಕೊಂಡವರಿಗೆ ಏನಾದರೂ ಕೆಲಸ ಕೊಡಬೇಕೆಂದೇ ಮಿಶನ್‌ನವರು ಬೇಸಾಯ, ಕಾಫಿ, ಸಕ್ಕರೆ ಅಂತ ಒಂದೊಂದೇ ಮಾಡಿ ನೋಡಿ ಕೈಸುಟ್ಟುಕೊಂಡರು. 1851ರಲ್ಲಿ ಹಾಲರ್ ಬಂದ ಮೇಲೆ ನೇಯ್ಗೆ ಕುದುರಿತು. ಖಾಕಿ ಬಣ್ಣ ಹುಟ್ಟಿದ್ದೇ ಬಲ್ಮಠದಲ್ಲಿ ಎಂದು ನಮ್ಮವರು ಹೇಳಿಕೊಳ್ಳುವುದು ನಿಮಗೆ ಗೊತ್ತು, ಅದನ್ನು ಬೆಳೆಸುವುದಿಲ್ಲ. 1865ರಲ್ಲಿ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಶುರು ಮಾಡಿದರು. ಈ ಮನುಷ್ಯ ಬಂದದ್ದು ಅಚ್ಚುಕೂಟಕ್ಕೆ, ಮೆಕ್ಯಾನಿಕ್ಕಾಗಿ. ನೇತ್ರಾವತಿ ದಂಡೆಯ ಜೇಡಿಮಣ್ಣು ಅವರ ಕಣ್ಣಿಗೆ ಬಿತ್ತು. ಆ ಹಂಚು ಹಡಗು ಹತ್ತಿ ದೇಶ ದೇಶ ಸುತ್ತಿತು. ಪ್ಲೆಬ್ಸ್ಟ್ ಹೆಸರು ಎಲ್ಲ ಪುಸ್ತಕದಲ್ಲಿದೆ. ಮಣ್ಣು ಹೊತ್ತ, ಹಂಚು ಒಣಗಿಸಿದ, ಸಂಜೆ ಬಂದು ಮಕ್ಕಳಿಗೆ ಸ್ಲೇಟು ಹಿಡಿಸಿದ ಹೆಂಗಸರ ಹೆಸರು? ಮತ್ತೆ ಅದಕ್ಕೇ ಬಂದೆ, ಕ್ಷಮಿಸಿ, ಬರದೆ ಆಗುವುದಿಲ್ಲ.

ಭಾಷೆಯ ವಿಷಯ ಹೇಳಲಿಕ್ಕಿತ್ತು. ಗ್ರೈನರ್ ಮತ್ತು ಅಮ್ಮನ್ ಹೊಸ ಒಡಂಬಡಿಕೆಯನ್ನು ತುಳುವಿಗೆ ತಂದು, 1847ರ ಹೊತ್ತಿಗೆ ಅದು ಕನ್ನಡ ಅಕ್ಷರದಲ್ಲಿ ಅಚ್ಚಾಯಿತು. ಮೆನ್ನರ್‌ರ ತುಳು ನಿಘಂಟು 1886ರದು. ಜರ್ಮನ್ ರಾಗಕ್ಕೆ ಕನ್ನಡ ತುಳು ಗೀತೆ ಕೂಡಿಸಿ ಹಾಡಿದವರು ನಾವು. ನಾಲ್ಕು ಸ್ವರದಲ್ಲಿ ಹಾಡುವ ಅಭ್ಯಾಸ ಈ ಕಾಯರಿನಲ್ಲಿ ಇನ್ನೂ ಇದೆ, ಬಿಡಬೇಡಿ. ಈ ತರ್ಜುಮೆಗಳ ಪಕ್ಕದಲ್ಲಿ ಕೂತು ‘ಅಯ್ಯಾ, ನಾವು ಹಾಗೆ ಹೇಳುವುದಿಲ್ಲ’ ಎಂದು ತಿದ್ದಿದ ತುಳುವರೂ ಇದ್ದೇ ಇರಬೇಕಲ್ಲ? ಅವರೂ ಫಲಕದಲ್ಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಒಂದನ್ನು ಮಾತ್ರ ಬಿಡಲಾರೆ. 1914ರಲ್ಲಿ ಯುದ್ಧ ಹತ್ತಿತು. ಮಿಶನ್‌ನ ಜರ್ಮನ್ ಬೋಧಕರು ಬ್ರಿಟಿಷ್ ಸರಕಾರಕ್ಕೆ ಒಮ್ಮೆಗೇ ಶತ್ರುಗಳಾದರು. ಅವರನ್ನು ಹಿಡಿದು ಕೂಡಿಹಾಕಿದರು, ಆಮೇಲೆ ದೇಶದಿಂದ ಕಳಿಸಿದರು. ಕಾರ್ಖಾನೆಗಳು ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು. ಸಂಬಳ ಕೊಡುವ ಕೈ ಇಲ್ಲ, ಬೋಧಿಸುವ ಅಯ್ಯ ಇಲ್ಲ. ಸಭೆ ಮುಚ್ಚಿಹೋಗಬೇಕಿತ್ತು. ಹೋಗಲಿಲ್ಲ. ಭಾನುವಾರ ಗಂಟೆ ಹೊಡೆಯಿತು, ನಮ್ಮವರೇ ಪೀಠ ಹತ್ತಿದರು. ಬೆಳೆ ಹಬ್ಬದಲ್ಲಿ ಬಸಳೆ ಕಟ್ಟು, ಬಾಳೆಗೊನೆ ತಂದು ಏಲಂ ಮಾಡಿ ಖರ್ಚು ತೂಗಿಸುವುದು ನಮ್ಮ ಜನಕ್ಕೆ ಕಲಿಸಿಕೊಡಬೇಕೆ? ಈಗಲೂ ಒಂದೇ ಗೊನೆಯನ್ನು ಒಬ್ಬರು ಕೊಂಡು ತಿರುಗಿ ಸಭೆಗೇ ಕೊಟ್ಟು, ಇನ್ನೊಬ್ಬರು ಹೆಚ್ಚಿಗೆ ಕೂಗಿ, ಕೊನೆಗೆ ಗೊನೆ ಹಣ್ಣಾಗುವಷ್ಟು ಹೊತ್ತು ಏಲಂ ನಡೆಯುತ್ತದೆ!

1947ರಲ್ಲಿ ಹಲವು ಪ್ರೊಟೆಸ್ಟೆಂಟ್ ಸಭೆಗಳು ಕೂಡಿ ಆದ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.), ನಾವು ಅದರೊಳಗೆ ಸೇರಿದ್ದು, ಶಾಲೆಗಳು, ಉಡುಪಿ ಮುಲ್ಕಿ ಸಭೆಗಳು, ಮುಂಬಯಿಗೂ ಕೊಲ್ಲಿಗೂ ಹೋದ ನಮ್ಮ ಮಕ್ಕಳು, ಎಲ್ಲ ಬರೆದು ತಂದಿದ್ದೆ. ಅವು ಇನ್ನೊಂದು ದಿನಕ್ಕಿರಲಿ.

ಕೆಲಸದ ಮಾತು ಹೇಳಿ ಮುಗಿಸುತ್ತೇನೆ. ಮಿಶನರಿಗಳ ಪತ್ರ, ವರದಿ, ಚಿತ್ರಗಳೆಲ್ಲ ಬಾಸೆಲ್‌ನ ದಫ್ತರಖಾನೆಯಲ್ಲಿ ಜೋಪಾನವಾಗಿವೆ. ಇಲ್ಲೇ ಪಕ್ಕದ ಥಿಯಾಲಜಿಕಲ್ ಕಾಲೇಜಿನಲ್ಲೂ ಹಳೆಯ ದಾಖಲೆಗಳಿವೆ. ಇಲ್ಲದಿರುವುದು ನಮ್ಮ ಮನೆಗಳವು. ನಿಮ್ಮಲ್ಲಿ ಹಳೆಯ ಕುಟುಂಬ ಬೈಬಲ್ ಇದ್ದರೆ ಅದರ ಮೊದಲ ಪುಟದಲ್ಲಿ ಹುಟ್ಟು ಸಾವು ಬರೆದಿರುತ್ತದೆ. ಕಾರ್ಖಾನೆಯ ಹಾಜರಿ ಚೀಟಿ, ದೃಢೀಕರಣದ ಫೋಟೋ, ಕೈಬರಹದ ಗೀತೆಪುಸ್ತಕ, ಏನಿದ್ದರೂ ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಸಭಾ ಕಚೇರಿಗೆ ತನ್ನಿ. ನಿಮ್ಮೆದುರೇ ಫೋಟೋ ತೆಗೆದು ಅಲ್ಲಿಯೇ ಹಿಂತಿರುಗಿ ಕೊಡುತ್ತೇವೆ. ಎಂಬತ್ತು ದಾಟಿದ ಅಜ್ಜ ಅಜ್ಜಿಯರಿರುವ ಮನೆಗೆ ಯುವಜನ ಕೂಟದವರು ಮೊಬೈಲ್ ಹಿಡಿದು ಬರುತ್ತಾರೆ. ಅವರು ತುಳುವಿನಲ್ಲೇ ಮಾತಾಡಲಿ, ನಡುವೆ ಬಾಯಿ ಹಾಕಬೇಡಿ. ಬಿಟ್ಟುಬಂದ ಕುಟುಂಬದವರ ಹೆಸರು ಗೊತ್ತಿದ್ದರೆ ಅದನ್ನೂ ಬರೆಸಿ. ಅಕ್ಕಿ ಕಳಿಸಿದವರಿದ್ದರೆ, ಅವರದನ್ನು ಮೊದಲು ಬರೆಸಿ.