ಹಸಿರು ಪಟ್ಟಿಯ ಮೇಲಿನ ನೀಲಿ ಅಕ್ಷರ: ಟರ್ಮಿನಲ್ಲಿನ ಕಡತಪಟ್ಟಿಗೆ ಬಣ್ಣ ಹೊಂದಿಸುವ ಕುರಿತು

ಮಾನ್ಯರೇ,

ವಿಂಡೋಸ್ ಕಂಪ್ಯೂಟರಿನಲ್ಲಿ ಡಬ್ಲ್ಯೂಎಸ್‌ಎಲ್ (ವಿಂಡೋಸ್‌ನೊಳಗೇ ಲಿನಕ್ಸ್ ನಡೆಸುವ ಸೌಲಭ್ಯ) ಮೂಲಕ ಲಿನಕ್ಸ್ ಹಾಕಿಕೊಂಡು, ಟರ್ಮಿನಲ್ ತೆರೆದು, ಸಿ ಡ್ರೈವಿನೊಳಗೆ ಹೋಗಿ, ಕಡತಗಳ ಪಟ್ಟಿ ತೋರಿಸುವ ‘ಎಲ್‌ಎಸ್’ ಆದೇಶವನ್ನು ಟೈಪ್ ಮಾಡಿದವರಲ್ಲಿ ಬಹುತೇಕರು ಕಂಡಿರುವ ಒಂದು ನೋಟದಿಂದ ಈ ಉಪನ್ಯಾಸವನ್ನು ಆರಂಭಿಸುತ್ತೇನೆ. ಡೈರೆಕ್ಟರಿಗಳ, ಅಂದರೆ ಫೋಲ್ಡರ್‌ಗಳ, ಹೆಸರುಗಳು ಢಾಳಾದ ಹಸಿರು ಪಟ್ಟಿಯ ಮೇಲೆ ನೀಲಿ ಅಕ್ಷರಗಳಲ್ಲಿ ಮೂಡುತ್ತವೆ. ಕಣ್ಣು ಕಿರಿದು ಮಾಡಿದರೂ ಓದುವುದು ಕಷ್ಟ. ಇದನ್ನು ತೆಗೆಯುವುದು ಹೇಗೆ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಉತ್ತರವನ್ನು ಹೇಳುತ್ತೇನೆ. ಆದರೆ ಆ ಹಸಿರು ಅಲ್ಲಿಗೇಕೆ ಬಂತೆಂದು ತಿಳಿಯದೆ ಅದನ್ನು ಅಳಿಸಬಾರದೆಂಬುದು ನನ್ನ ಹಠ.

ವಾಸ್ತವದಲ್ಲಿ ಎಲ್‌ಎಸ್ ಬಣ್ಣ ಬಳಿಯುವುದೇ ಇಲ್ಲ, ಬಳಿಯುವುದು ಟರ್ಮಿನಲ್. ಎಲ್‌ಎಸ್ ಕಡತದ ಹೆಸರಿಗೆ ಮುಂಚೆ ತೆರೆಯ ಮೇಲೆ ಕಾಣಿಸದ ಒಂದು ಸಂಕೇತವನ್ನು ಕಳುಹಿಸುತ್ತದೆ: 27 ಎಂಬ ಸಂಖ್ಯೆಯ ಎಸ್ಕೇಪ್ ಅಕ್ಷರ, ಅದರ ಬೆನ್ನಿಗೆ ಎಡ ಚೌಕ ಆವರಣ, ಸೆಮಿಕೋಲನ್‌ನಿಂದ ಬೇರ್ಪಡಿಸಿದ ಅಂಕಿಗಳು, ಕೊನೆಗೆ ಸಣ್ಣಕ್ಷರದ ‘ಎಮ್’. 1978ರಲ್ಲಿ ಬಂದ, ತೆರೆ ಮತ್ತು ಕೀಲಿಮಣೆಯ ಯಂತ್ರವೇ ಆಗಿದ್ದ ವಿಟಿ100 ಟರ್ಮಿನಲ್ ಈ ಬಗೆಯ ಸಂಕೇತಗಳನ್ನು ಮನೆಮಾತಾಗಿಸಿತು. ತಮಾಷೆಯೆಂದರೆ ಆ ಯಂತ್ರಕ್ಕೆ ಬಣ್ಣಗಳೇ ಇರಲಿಲ್ಲ. ಅಂಕಿಗಳ ಅರ್ಥ ಸರಳವಾಗಿದೆ. 30ರಿಂದ 37ರವರೆಗಿನವು ಅಕ್ಷರದ ಬಣ್ಣಗಳು, 40ರಿಂದ 47ರವರೆಗಿನವು ಹಿನ್ನೆಲೆಯ ಬಣ್ಣಗಳು. ಎರಡನೆಯ ಅಂಕಿ 1 ಇದ್ದರೆ ಕೆಂಪು, 2 ಹಸಿರು, 3 ಹಳದಿ, 4 ನೀಲಿ. ಮುಂದೆ 01 ಸೇರಿಸಿದರೆ ಅಕ್ಷರ ದಪ್ಪಗಾಗುತ್ತದೆ. ಆದ್ದರಿಂದ 01;34 ಎಂದರೆ ದಪ್ಪ ನೀಲಿ, 34;42 ಎಂದರೆ ಹಸಿರಿನ ಮೇಲೆ ನೀಲಿ.

ಇಲ್ಲಿ ಒಂದು ಸೂಕ್ಷ್ಮವಿದೆ. 34 ಎಂಬುದು ‘ನೀಲಿ’ ಎಂದಷ್ಟೇ ಹೇಳುತ್ತದೆ. ಯಾವ ನೀಲಿ ಎಂಬುದನ್ನು ನಿರ್ಧರಿಸುವುದು ನಿಮ್ಮ ಟರ್ಮಿನಲ್‌ನ ಥೀಮ್, ಅಂದರೆ ಅದರ ಬಣ್ಣಗಳ ಹೊಂದಾಣಿಕೆ. ಕಪ್ಪು ತೆರೆಯ ಮೇಲೆ ಡೈರೆಕ್ಟರಿಯ ಹೆಸರು ಕತ್ತಲಲ್ಲಿ ಕರಗಿದಂತೆ ಕಂಡರೆ ಎಲ್‌ಎಸ್ ಅನ್ನು ತಿದ್ದುವ ಅಗತ್ಯವೇ ಇಲ್ಲ. ಥೀಮ್‌ನಲ್ಲಿ ನೀಲಿಯನ್ನು ತಿಳಿಯಾಗಿಸಿದರೆ ಸಾಕು, ಉಳಿದ ಪ್ರೋಗ್ರಾಮುಗಳಿಗೂ ಅದರ ಲಾಭ ಸಿಗುತ್ತದೆ. ಈ ಎಂಟು ಬಣ್ಣಗಳು ಸಾಲದವರು 38;5 ಎಂದು ಬರೆದು 0ರಿಂದ 255ರವರೆಗಿನ ಯಾವುದಾದರೂ ಸಂಖ್ಯೆಯನ್ನು ಸೇರಿಸಬಹುದು.

ಯಾವ ಬಗೆಯ ಕಡತಕ್ಕೆ ಯಾವ ಬಣ್ಣ ಎಂಬುದನ್ನು ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಗ್ನೂ ಎಲ್‌ಎಸ್, ‘ಎಲ್‌ಎಸ್ ಕಲರ್ಸ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ (ಪ್ರೋಗ್ರಾಮುಗಳು ಓದಿಕೊಳ್ಳಲೆಂದು ಹೆಸರಿಟ್ಟು ಇರಿಸಿದ ಮೌಲ್ಯ) ಓದಿಕೊಳ್ಳುತ್ತದೆ. ಅದರ ಎಲ್ಲ ಅಕ್ಷರಗಳೂ ದೊಡ್ಡವು, ಎರಡು ಪದಗಳ ನಡುವೆ ಅಂಡರ್‌ಸ್ಕೋರ್ ಇರುತ್ತದೆ. ಅದು ಕೋಲನ್‌ಗಳಿಂದ ಬೇರ್ಪಟ್ಟ ಉದ್ದನೆಯ ಸಾಲು. ಅದರಲ್ಲಿ ‘ಡಿಐ’ ಡೈರೆಕ್ಟರಿಯನ್ನೂ ‘ಎಲ್‌ಎನ್’ ಕೊಂಡಿಯನ್ನೂ (ಮತ್ತೊಂದು ಕಡತವನ್ನು ತೋರುವ ಹೆಸರು) ‘ಇಎಕ್ಸ್’ ಚಲಾಯಿಸಬಲ್ಲ ಕಡತವನ್ನೂ ಸೂಚಿಸುತ್ತವೆ. ನಕ್ಷತ್ರ ಚಿಹ್ನೆಯೊಡನೆ ಆರಂಭವಾಗುವ ಭಾಗಗಳು ಹೆಸರಿನ ಕೊನೆಯ ವಿಸ್ತರಣೆಗೆ ಸಂಬಂಧಿಸಿದವು. ವಿಸ್ತರಣೆಯ ಬಣ್ಣಗಳು ಅನುಕೂಲಕ್ಕೆ ಇರುವಂಥವು, ಅವನ್ನು ಮನಬಂದಂತೆ ಬದಲಿಸಿ. ಉಳಿದವುಗಳಲ್ಲಿ ಕೆಲವು ಎಚ್ಚರಿಕೆಗಳು. ‘ಪಾಸ್‌ವರ್ಡ್’ ಬದಲಿಸುವ ಆದೇಶದ ಕಡತವು ಕೆಂಪು ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿ ಕಾಣುವುದು, ಅದನ್ನು ಯಾರೇ ಚಲಾಯಿಸಿದರೂ ಅದು ತನ್ನ ಒಡೆಯನಾದ ರೂಟ್‌ನ (ಸರ್ವಾಧಿಕಾರವಿರುವ ಬಳಕೆದಾರ) ಅಧಿಕಾರದಿಂದ ನಡೆಯುತ್ತದೆಂಬ ಕಾರಣಕ್ಕೆ. ಗುರಿ ಇಲ್ಲವಾದ ಕೊಂಡಿ ಕೆಂಪಾಗುತ್ತದೆ.

ಈಗ ನಮ್ಮ ಹಸಿರು ಪಟ್ಟಿಗೆ ಮರಳೋಣ. ಒಡೆಯನಲ್ಲದ, ಗುಂಪಿಗೂ ಸೇರದ ಯಾರು ಬೇಕಾದರೂ ಬರೆಯಬಹುದಾದ ಡೈರೆಕ್ಟರಿಗೆ ‘ಓಡಬ್ಲ್ಯೂ’ ಎಂಬ ಗುರುತು, ಅದರ ಬಣ್ಣವೇ 34;42. ಅಂಥ ಜಾಗದಲ್ಲಿ ನಿಮ್ಮ ಕಡತವನ್ನು ಮತ್ತೊಬ್ಬರು ಅಳಿಸಬಹುದು. ತಾತ್ಕಾಲಿಕ ಕಡತಗಳ ‘ಟಿಎಂಪಿ’ ಡೈರೆಕ್ಟರಿಯೂ ಎಲ್ಲರಿಗೂ ತೆರೆದದ್ದೇ, ಆದರೆ ಅಲ್ಲಿ ಸ್ಟಿಕಿ ಬಿಟ್ ಎಂಬ ಕಾವಲು ಇರುವುದರಿಂದ ಒಬ್ಬರ ಕಡತವನ್ನು ಇನ್ನೊಬ್ಬ ಸಾಮಾನ್ಯ ಬಳಕೆದಾರರು ಅಳಿಸಲಾಗದು. ಹಾಗಾಗಿ ಅದಕ್ಕೆ ಹಸಿರಿನ ಮೇಲೆ ಕಪ್ಪು ಅಕ್ಷರ. ಎರಡು ಹಸಿರುಗಳ ನಡುವಿನ ಈ ವ್ಯತ್ಯಾಸವನ್ನು ಗಮನಿಸಿದವರು ವಿರಳ, ಆದರೆ ಹಲವರು ಲಾಗಿನ್ ಆಗುವ ಸರ್ವರ್‌ನಲ್ಲಿ ಅದು ಸಣ್ಣ ಸಂಗತಿಯಲ್ಲ. ವಿಂಡೋಸ್ ಡ್ರೈವಿನಲ್ಲಿ ಲಿನಕ್ಸ್ ಮಾದರಿಯ ಅನುಮತಿಗಳು ದಾಖಲಾಗಿರುವುದಿಲ್ಲ. ಆದ್ದರಿಂದ ವಿಂಡೋಸ್‌ನಲ್ಲಿ ನೀವು ಬರೆಯಬಲ್ಲ ಡೈರೆಕ್ಟರಿಗಳಿಗೆಲ್ಲ ಡಬ್ಲ್ಯೂಎಸ್‌ಎಲ್ 777 (ಎಲ್ಲರಿಗೂ ಎಲ್ಲ ಅನುಮತಿ) ಎಂದು ತೋರಿಸುತ್ತದೆ, ಎಲ್‌ಎಸ್ ಅದನ್ನು ನಂಬಿ ಅವಕ್ಕೆಲ್ಲ ಹಸಿರು ಹಚ್ಚುತ್ತದೆ. ತಪ್ಪು ಬಣ್ಣದ್ದಲ್ಲ, ಅದಕ್ಕೆ ಸಿಕ್ಕ ಮಾಹಿತಿಯದು. ಆದ ಕಾರಣ ಡಬ್ಲ್ಯೂಎಸ್‌ಎಲ್‌ನ ಸಂರಚನಾ ಕಡತದಲ್ಲಿ ಡ್ರೈವನ್ನು ‘ಮೆಟಾಡೇಟಾ’ (ಲಿನಕ್ಸ್ ಅನುಮತಿಗಳನ್ನು ದಾಖಲಿಸುವ) ಮತ್ತು ‘ಯುಮಾಸ್ಕ್ 22’ (ಒಡೆಯನಲ್ಲದವರ ಬರೆಯುವ ಅನುಮತಿಯನ್ನು ತೆಗೆಯುವ) ಆಯ್ಕೆಗಳೊಡನೆ ಜೋಡಿಸುವುದೇ ಸರಿಯಾದ ಪರಿಹಾರ ಎನ್ನುವವನು ನಾನು.

ಬಣ್ಣವನ್ನೇ ಬದಲಿಸಬೇಕೆಂದರೆ ಆ ಉದ್ದ ಸಾಲನ್ನು ಕೈಯಾರೆ ಬರೆಯಬೇಕಿಲ್ಲ. ‘ಡಿರ್‌ಕಲರ್ಸ್’ ಆದೇಶಕ್ಕೆ ಹೈಫನ್ ಪಿ ಆಯ್ಕೆ ಕೊಟ್ಟು, ಬಂದ ಪಟ್ಟಿಯನ್ನು ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಚುಕ್ಕೆಯಿಂದ ಆರಂಭವಾಗುವ ‘ಡಿರ್‌ಕಲರ್ಸ್’ ಕಡತವಾಗಿ ಉಳಿಸಿ. ಅದರಲ್ಲಿ ‘ಅದರ್ ರೈಟಬಲ್’ ಎಂಬ ಸಾಲಿನ ಮುಂದಿರುವ 34;42 ಅನ್ನು 01;33 ಮಾಡಿದರೆ ಹಸಿರು ಪಟ್ಟಿ ಹೋಗಿ ದಪ್ಪ ಹಳದಿ ಅಕ್ಷರ ಬರುತ್ತದೆ; ಓದಲೂ ಆಗುತ್ತದೆ, ಎಚ್ಚರಿಕೆಯೂ ಉಳಿಯುತ್ತದೆ. ಅದನ್ನು ಮಾಮೂಲಿ ಡೈರೆಕ್ಟರಿಯ 01;34ಕ್ಕೇ ಇಳಿಸುವುದು ನನಗೆ ಒಪ್ಪಿಗೆಯಿಲ್ಲ. ಉಬುಂಟು ಎಂಬ ಲಿನಕ್ಸ್‌ನಲ್ಲಿ, ಆದೇಶಗಳನ್ನು ಓದಿ ನಡೆಸುವ ಬ್ಯಾಶ್‌ನ ಸಂರಚನೆ ಈ ಕಡತವಿದ್ದರೆ ತಾನಾಗಿಯೇ ಓದಿಕೊಳ್ಳುತ್ತದೆ; ಹೊಸ ಟರ್ಮಿನಲ್ ತೆರೆದರೆ ಬದಲಾವಣೆ ಕಾಣುತ್ತದೆ. ಮ್ಯಾಕ್ ಬಳಸುವವರಿಗೆ ದಾರಿ ಬೇರೆ: ಅಲ್ಲಿನ ಎಲ್‌ಎಸ್ ಓದುವ ವೇರಿಯಬಲ್‌ನ ಹೆಸರಿನಲ್ಲಿ ಅಂಡರ್‌ಸ್ಕೋರ್ ಇಲ್ಲ, ಅಂಕಿಗಳ ಬದಲು ಜೋಡಿ ಅಕ್ಷರಗಳಿವೆ, ವಿಸ್ತರಣೆಗಳಿಗೆ ಬಣ್ಣ ಕೊಡುವ ಸೌಲಭ್ಯವಿಲ್ಲ.

ಎಲ್‌ಎಸ್‌ನ ‘ಕಲರ್’ ಎಂಬ ಬಣ್ಣದ ಆಯ್ಕೆಯನ್ನು ‘ಆಟೋ’ ಎಂದೇ ಇಡಿ, ‘ಆಲ್ವೇಸ್’ ಎಂದು ಇಡಬೇಡಿ. ಆಟೋ ಇದ್ದರೆ ಪಟ್ಟಿ ಟರ್ಮಿನಲ್ಲಿಗೆ ಹೋಗುವಾಗ ಮಾತ್ರ ಬಣ್ಣದ ಸಂಕೇತಗಳು ಸೇರುತ್ತವೆ. ಹಿಂದೊಮ್ಮೆ ನಾನು ಆಲ್ವೇಸ್ ಎಂದಿಟ್ಟು, ಆ ಪಟ್ಟಿಯನ್ನು ಒಂದು ಸ್ಕ್ರಿಪ್ಟಿಗೆ ಉಣಿಸಿದೆ. ಕಣ್ಣೆದುರೇ ಇರುವ ಕಡತವನ್ನು ಅದು ‘ಇಲ್ಲ’ ಎನ್ನತೊಡಗಿತು. ಹೆಸರಿಗೆ ಅಂಟಿದ್ದ ಎಸ್ಕೇಪ್ ಅಕ್ಷರ ತೆರೆಯ ಮೇಲೆ ಕಾಣದ ಕಾರಣ ಅರ್ಧ ದಿನ ಹುಡುಕಾಟದಲ್ಲೇ ಕಳೆಯಿತು.

ಕೆಂಪು ಹಸಿರುಗಳ ಭೇದ ಕಾಣದವರಿಗೆ ಈ ವ್ಯವಸ್ಥೆಯ ಅರ್ಧ ಭಾಗ ನಿಷ್ಪ್ರಯೋಜಕ. ಅಂಥವರು ಎಲ್‌ಎಸ್‌ಗೆ ದೊಡ್ಡಕ್ಷರದ ಹೈಫನ್ ಎಫ್ ಆಯ್ಕೆಯನ್ನೂ ಸೇರಿಸಿಕೊಂಡರೆ ಡೈರೆಕ್ಟರಿಯ ಕೊನೆಗೆ ಓರೆಗೆರೆ, ಚಲಾಯಿಸಬಲ್ಲ ಕಡತಕ್ಕೆ ನಕ್ಷತ್ರ, ಕೊಂಡಿಗೆ ‘ಅಟ್’ ಚಿಹ್ನೆ ಬರುತ್ತವೆ. ನಾನು ಸೂಚಿಸಿದ ಹಳದಿ ಕೂಡ ಬಿಳಿ ತೆರೆಯ ಮೇಲೆ ಮಾಯವಾಗುತ್ತದೆ. ಆದ್ದರಿಂದ ಒಂದು ಖಾಲಿ ಡೈರೆಕ್ಟರಿ ಮಾಡಿ, ಅದಕ್ಕೆ 777 ಅನುಮತಿ ಕೊಟ್ಟು, ಕಪ್ಪು ಮತ್ತು ಬಿಳಿ ಎರಡೂ ಥೀಮ್‌ಗಳಲ್ಲಿ ಒಮ್ಮೆ ಎಲ್‌ಎಸ್ ಓಡಿಸಿ ನೋಡಿ. ಬಿಳಿಯಲ್ಲಿ ಕಾಣದಿದ್ದರೆ 01;35, ಅಂದರೆ ಮಜೆಂಟಾ, ಎರಡರಲ್ಲೂ ನಿಲ್ಲುತ್ತದೆ.