ಲಿವರ್ ಒಂದು ಕಡೆ, ಸಿಇಟಿ ಇನ್ನೊಂದು ಕಡೆ

ಈ ಕ್ಲಿಪ್‌ನಲ್ಲಿ ನನ್ನ ಕಣ್ಣು ನೋಡಿ. ಫಿಲ್ಟರ್ ಅಲ್ಲ, ಲೈಟಿಂಗೂ ಅಲ್ಲ. ಬಿಳಿ ಇರಬೇಕಾದ ಜಾಗ ಪೂರ್ತಿ ಅರಿಶಿನ. ಕಾಮಾಲೆ, ಹೆಪಟೈಟಿಸ್ ಎ. ಸೆಕೆಂಡ್ ಪಿಯುಸಿ ಪರೀಕ್ಷೆ-1 ಮುಗಿಸಿ ಇಂಜಿನಿಯರಿಂಗ್ ಸೀಟಿಗೆ ಬರೆಯುವ ಪ್ರವೇಶ ಪರೀಕ್ಷೆ ಸಿಇಟಿಗೆ ಓದಲು ಕೂರಬೇಕು ಅನ್ನುವಷ್ಟರಲ್ಲಿ ವಕ್ಕರಿಸಿತು. ಕೆಮಿಸ್ಟ್ರಿ ಪೇಪರ್ ದಿನವೇ ಊಟ ಸೇರುತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಟೆನ್ಷನ್ ಅಂದುಕೊಂಡೆವು.

ನೋಡಲು ಬಂದವರೆಲ್ಲ ಕಾರಣ ಹುಡುಕುತ್ತಾರೆ. ಪಾನಿಪುರಿ ಅಂತ ಒಬ್ಬರು, ಕಬ್ಬಿನ ಹಾಲಿಗೆ ಹಾಕಿದ ಐಸು ಅಂತ ಇನ್ನೊಬ್ಬರು. ಕೆಟ್ಟ ನೀರು, ಆಹಾರದಿಂದ ಬರುವುದು ನಿಜ. ಆದರೆ ವೈರಸ್ ಒಳಗೆ ಹೋಗಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಆದ ಮೇಲೆ ಕಾಯಿಲೆ ಕಾಣಿಸುತ್ತದಂತೆ. ಹಾಗಾಗಿ ಮೊನ್ನೆ ತಿಂದ ಪಾನಿಪುರಿಗೆ ಜಾಮೀನು ಸಿಕ್ಕಿದೆ.

ಇದಕ್ಕೆ ಅಂತಲೇ ಔಷಧಿ ಇಲ್ಲ. ರೆಸ್ಟ್, ಊಟ, ನೀರು. ಲಿವರ್ ತಾನಾಗೇ ಸರಿಹೋಗಬೇಕು. ಪ್ಯಾರಸಿಟಮಾಲ್ ಕೂಡ ಕೇಳದೆ ನುಂಗಬೇಡ ಅಂದರು ಡಾಕ್ಟರ್. ಅಜ್ಜಿ ಹಿತ್ತಲಿಂದ ಕಿತ್ತು ತಂದ ನೆಲನೆಲ್ಲಿಯೂ ಆ ಲೆಕ್ಕಕ್ಕೇ ಸೇರಿತು. ಅಜ್ಜಿಗೆ ಬೇಜಾರು. ಆದರೆ ಇದು ತಿಪಟೂರು, ಕೊಬ್ಬರಿ ಊರು. ಎಳನೀರಿನಲ್ಲಿ ಸೇಡು ತೀರಿಸಿಕೊಳ್ಳುತ್ತಿದ್ದಾರೆ.

ಕಣ್ಣಿನ ಹಳದಿ ಈಗ ಇಳಿದಿದೆ. ಸುಸ್ತು ಮಾತ್ರ ಜಾಗ ಬಿಟ್ಟು ಕದಲುತ್ತಿಲ್ಲ. ಈ ಪುಟ ನೋಡಿ, ಇಂಟಿಗ್ರೇಷನ್ ಲೆಕ್ಕ. ಮೂರನೇ ಸಾಲಿನವರೆಗೆ ಅಕ್ಷರ ನೆಟ್ಟಗಿದೆ. ಆಮೇಲೆ ಪೆನ್ನು ಹಾಗೇ ಜಾರಿ, ಪುಟದ ಅಂಚಿನವರೆಗೆ ಒಂದು ಗೀಟು. ನಿದ್ದೆ ಬಂದಿತ್ತು. ಬೆಳಗ್ಗೆ ತಿಂಡಿ ಆದ ಮೇಲೆ ಸ್ವಲ್ಪ ಹೊತ್ತು ತಲೆ ಚೆನ್ನಾಗಿ ಓಡುತ್ತದೆ, ಅಷ್ಟೇ. ಆ ಹೊತ್ತನ್ನು ಯಾವುದಕ್ಕೆ ಕೊಡಬೇಕು ಅನ್ನುವುದೇ ನನ್ನ ತಲೆನೋವು. ಸಿಇಟಿಗಾ, ಕೆಮಿಸ್ಟ್ರಿ ಅಂಕ ಏರಿಸಿಕೊಳ್ಳಲು ಪಿಯುಸಿಯನ್ನೇ ಇನ್ನೊಮ್ಮೆ ಬರೆಯುವ ಪರೀಕ್ಷೆ-2ಕ್ಕಾ?

ಫ್ರೆಂಡ್ಸ್ ಎಲ್ಲ ಎರಡನ್ನೂ ಬರಿ ಅಂತಾರೆ. ಅವರ ಲಿವರ್ ಚೆನ್ನಾಗಿದೆ, ಹೇಳುತ್ತಾರೆ ಬಿಡಿ. ನಾನು ಪೆನ್ನು ಹಿಡಿದು ಕೂತೆ. ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಿಯು ಅಂಕ, ಅರ್ಧ ಸಿಇಟಿ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ ಪಿಯುನಲ್ಲಿ 300 ಅಂಕ, ಅದು 50ಕ್ಕೆ ಇಳಿಯುತ್ತದೆ. ಸಿಇಟಿಯ 180 ಅಂಕವೂ 50ಕ್ಕೇ ಇಳಿಯುತ್ತದೆ. ಅಂದರೆ ಪರೀಕ್ಷೆ-2ರಲ್ಲಿ ಒದ್ದಾಡಿ 12 ಅಂಕ ಜಾಸ್ತಿ ತಂದರೆ ಕೊನೆಗೆ ಸಿಗುವುದು 2. ಸಿಇಟಿಯಲ್ಲಿ 7 ಪ್ರಶ್ನೆ ಹೆಚ್ಚಿಗೆ ಸರಿಯಾದರೆ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ. ನೆಗೆಟಿವ್ ಮಾರ್ಕಿಂಗೂ ಇಲ್ಲ. ಆರೋಗ್ಯವಾಗಿದ್ದಿದ್ದರೆ ಈ ಲೆಕ್ಕ ಹಾಕುತ್ತಲೇ ಇರಲಿಲ್ಲ, ಸುಮ್ನೆ ಎರಡಕ್ಕೂ ನುಗ್ಗುತ್ತಿದ್ದೆ. ಈಗ ಬೆಳಗಿನ ಹೊತ್ತು ಸಿಇಟಿಗೆ. ಪರೀಕ್ಷೆ-2 ಕೈಬಿಟ್ಟೆ. ಮಧ್ಯಾಹ್ನ ಮಲಗುತ್ತೇನೆ, ಅಲಾರಂ ಇಟ್ಟುಕೊಳ್ಳದೆ.

ಜಾತಿ-ಆದಾಯ ಪ್ರಮಾಣಪತ್ರ, ಅದರ ಮೇಲಿರುವ ಆರ್‌ಡಿ ನಂಬರ್, ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೇ ಕ್ಲಾಸಿನವರೆಗೆ ಓದಿದ ದಾಖಲೆ, ಎಲ್ಲ ಅಪ್ಪನ ಪಾಲು. ನೀಲಿ ಫೈಲ್ ಹಿಡಿದು ಓಡಾಡುತ್ತಿದ್ದಾರಲ್ಲ, ಅದೇ.

ಇನ್ನು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವುದು. ಅದಕ್ಕೆ ಟೈಮ್ ಇದೆ, ಆದರೂ ಮನೆಯಲ್ಲಿ ಈಗಲೇ ಜಗಳ. ಮೊದಲನೇ ಸಾಲಿಗೆ ನಾನು ಬರೆದಿದ್ದು ಬೆಂಗಳೂರಿನ ಯುವಿಸಿಇ. 1917ರಲ್ಲಿ ವಿಶ್ವೇಶ್ವರಯ್ಯನವರು ಶುರು ಮಾಡಿದ ಕಾಲೇಜು, ಸರ್ಕಾರದ್ದು. ಅಮ್ಮನ ಓಟು ತುಮಕೂರಿನ ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜಿಗೆ. ರೈಲಿನಲ್ಲಿ ಹೋಗಿ ಬರಬಹುದು, ಮನೆ ಊಟ, ಕಾಯಿಸಿದ ನೀರು. ಇಷ್ಟವಾದದ್ದನ್ನು ಮೇಲಿಟ್ಟರೆ ನಷ್ಟವೇನಿಲ್ಲ ಅಮ್ಮ, ರ‍್ಯಾಂಕಿಗೆ ಅದು ಸಿಗದಿದ್ದರೆ ಕಂಪ್ಯೂಟರ್ ಕೆಳಗಿನದನ್ನು ನೋಡುತ್ತದೆ ಅಂತ ವಿವರಿಸಿದೆ. ಸಿಕ್ಕಿಬಿಟ್ಟರೆ ಅನ್ನುವುದೇ ಅವಳ ಭಯ. ಹೆಪಟೈಟಿಸ್ ಎ ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಅಂತ ಡಾಕ್ಟರೇ ಹೇಳಿದ್ದಾರಲ್ಲ ಅಂದೆ.

"ಟೈಫಾಯ್ಡ್?" ಅಂದಳು.

ಕಟ್‌ಆಫ್ ಎಷ್ಟು, ಫೀಸ್ ಎಷ್ಟು ಅಂತ ನಾನು ನೋಡುತ್ತಿದ್ದರೆ, ಪಕ್ಕದಲ್ಲಿ ಕೂತು ಹಾಸ್ಟೆಲ್ ನೀರಿನ ಬಗ್ಗೆ ಏನು ಬರೆದಿದ್ದಾರೆ ಅಂತ ಕೇಳುತ್ತಾಳೆ. ಸಿಇಟಿ ನಡೆಸುವ ಕೆಇಎ ಪಟ್ಟಿಯಲ್ಲಿ ಆ ಕಾಲಂ ಇಲ್ಲ. ಯುವಿಸಿಇಯಲ್ಲಿ ಓದುತ್ತಿರುವವರು ಯಾರಾದರೂ ಈ ವಿಡಿಯೋ ನೋಡುತ್ತಿದ್ದರೆ ಕೆಳಗೆ ಬರೆಯಿರಿ. ಅಮ್ಮ ಓದುತ್ತಾಳೆ.