ಹಳಿಯ ಮೇಲೊಂದು ಡೈನೋಸಾರ್

ಕೇಳುಗರಿಗೆ ನಮಸ್ಕಾರ. ಪುಟ್ಟ ರೈಲು ಕಟ್ಟುವವರು ಅಂದಕೂಡಲೇ ನಿಮಗೆ ನೆನಪಾಗುವುದು, ಭೂತಗನ್ನಡಿ ಹಿಡಿದು ಬೋಗಿಯ ರಿವೆಟ್, ಅಂದರೆ ತಗಡು ಜೋಡಿಸುವ ಗುಂಡುತಲೆಯ ಮೊಳೆ, ಎಣಿಸುತ್ತಾ ಕೂತ ಮನುಷ್ಯ. ಇದ್ದಾರೆ, ಅಂಥವರು ಇದ್ದಾರೆ. ಒಂದು ರಿವೆಟ್ ಹೆಚ್ಚುಕಮ್ಮಿಯಾದರೆ ಅವರಿಗೆ ನಿದ್ದೆ ಬರುವುದಿಲ್ಲ. ಅವರಿಗೂ ನಿಮಗೂ ನಾನು ಹೇಳುವುದು ಒಂದೇ ಮಾತು: ಎಲ್ಲೋ ಒಂದು ಕಡೆ ತಮಾಷೆ ಇಡಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾಂಟೆರೇ ಅಂತ ಕಡಲ ದಂಡೆಯ ಊರು. ಅಲ್ಲಿ ಜಾನ್ ಅಲೆನ್ ಎಂಬ ಛಾಯಾಗ್ರಾಹಕರು ಮನೆಯ ನೆಲಮಾಳಿಗೆಯಲ್ಲಿ ಒಂದು ರೈಲುಮಾರ್ಗ ಕಟ್ಟಿದರು. ನಿಜದ ರೈಲಿನ 87ನೇ ಒಂದು ಪಾಲು ಅಳತೆ. ಬೆಟ್ಟ, ಕಣಿವೆ, ಸೇತುವೆ, ಮಸಿ ಹಿಡಿದ ಗೋಡೆಗಳು. ಜಾಗ ದೊಡ್ಡದಾಗಿ ಕಾಣಲೆಂದು ಅಲ್ಲಲ್ಲಿ ಕನ್ನಡಿ ಬೇರೆ. ಹೆಸರೇನಿಟ್ಟರು ಗೊತ್ತೇ? ‘ಗೋರಿ ಅಂಡ್ ಡಿಫೀಟೆಡ್’. ಬರೆಯುವಾಗ ಎರಡು ಊರಿನ ಹೆಸರಿನ ಹಾಗೆ ಅಕ್ಷರ ತಿರುಚಿ ಬರೆದರು, ಓದಿದರೆ ಮಾತ್ರ ‘ರಕ್ತ ಸುರಿಸಿ ಸೋತದ್ದು’ ಅಂತ ಅರ್ಥ. ನಮ್ಮ ಕನ್ನಡದ ಗೋರಿ ಅಂದುಕೊಂಡರೂ ತಪ್ಪೇನಿಲ್ಲ!

ಇಂಥ ರೈಲುಮಾರ್ಗದ ಯಾರ್ಡಿನಲ್ಲಿ ವ್ಯಾಗನ್‌ಗಳನ್ನು ಶಂಟಿಂಗ್ ಮಾಡುವುದಕ್ಕೆ ಇಂಜಿನ್ನುಗಳ ಜೊತೆ ಎಮ್ಮಾ ಇದ್ದಳು. ಎಮ್ಮಾ ಯಾರು? ಬೆನ್ನ ಮೇಲೆ ಹಲಗೆ ಹಲಗೆಯಾಗಿ ಮುಳ್ಳೆದ್ದ ಸ್ಟೆಗೋಸಾರಸ್, ಡೈನೋಸಾರ್! ಇಂಜಿನ್ನಿಗಿದ್ದ ಹಾಗೆಯೇ ಅವಳಿಗೂ ನಂಬರ್ ಇತ್ತು, 13. ಇದನ್ನು ಹೇಳುವಾಗ ನನಗೆ ಈಗಲೂ ನಗು ತಡೆಯುವುದಿಲ್ಲ, ಕ್ಷಮಿಸಿ. ನಗು ಬರುವುದು ಯಾಕೆ ಅಂದರೆ, ಸುತ್ತ ಇರುವುದೆಲ್ಲ ಅಪ್ಪಟ ನಿಜದಂತಿದೆ. ಕಲ್ಲಿಗೆ ಪಾಚಿಯ ಬಣ್ಣ, ಇಂಜಿನ್ನಿಗೆ ತುಕ್ಕಿನ ಬಣ್ಣ. ಅದರ ನಡುವೆ ಈಕೆ ಸಂಬಳದ ನೌಕರಳ ಹಾಗೆ ಡ್ಯೂಟಿ ಮಾಡುತ್ತಿದ್ದಾಳೆ. ಹತ್ತು ಡೈನೋಸಾರ್ ಇಟ್ಟಿದ್ದರೆ ಅದು ಜಾತ್ರೆಯ ಆಟಿಕೆ ಅಂಗಡಿಯಾಗುತ್ತಿತ್ತು. ಒಂದೇ ಇಟ್ಟರು. ಒಂದು ತಮಾಷೆ, ಅಷ್ಟೇ.

1973ರ ಜನವರಿಯಲ್ಲಿ ಅಲೆನ್ ತೀರಿಕೊಂಡರು. ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಆ ರೈಲುಮಾರ್ಗವೂ ಹೋಯಿತು. ಫೋಟೋಗಳು ಉಳಿದಿವೆ. ಜನ ಇವತ್ತಿಗೂ ಅವುಗಳಲ್ಲಿ ಹುಡುಕುವುದು ಎಮ್ಮಾಳನ್ನೇ, ರಿವೆಟ್‌ಗಳನ್ನಲ್ಲ.

ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ, ಒಂದೇ ನಿಮಿಷವಂತೆ. ವೈರಿಂಗ್, ಹಳಿ ಜೋಡಣೆ ಹೇಳಬೇಕಿತ್ತು, ಇರಲಿ, ಅದನ್ನು ಯಾರಾದರೂ ಹೇಳಿಕೊಡುತ್ತಾರೆ. 87ನೇ ಒಂದು ಪಾಲಿನ ಈ ಅಳತೆಯಲ್ಲಿ ಆರಡಿ ಆಳು ಎರಡು ಸೆಂಟಿಮೀಟರ್ ಎತ್ತರ ಅಷ್ಟೇ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ನಿದ್ದೆ ಹೊಡೆಯುವ ಒಬ್ಬ ಪ್ರಯಾಣಿಕನನ್ನು ಮಲಗಿಸಿ. ಅವನ ತಲೆದಿಂಬಿನ ಗಂಟನ್ನು ಬಿಚ್ಚುತ್ತಿರುವ ಒಂದು ಕೋತಿಯನ್ನು ಪಕ್ಕದಲ್ಲಿ ಅಂಟಿಸಿ. ಒಂದೇ ಕೋತಿ! ಅಂಟು ಒಣಗುವ ತನಕ ದಯವಿಟ್ಟು ಮುಟ್ಟಬೇಡಿ. ನಮಸ್ಕಾರ.